ಬುತ್ತಿ ಒಣಗಿರಲಿ, ಗಂಟಲು ಒಣಗದಿರಲಿ

ಯುಗಾದಿ ಇನ್ನೂ ಐದಾರು ದಿನ ಇತ್ತು. ನಲ್ಲಮಲ ಕಾಡಿನ ಅಂಚಿನಲ್ಲಿ ನಾವು ಕೆಲವರು ಹಾಕಿಕೊಂಡಿದ್ದ ಪ್ರಥಮ ಚಿಕಿತ್ಸೆಯ ಚಪ್ಪರಕ್ಕೆ ಮಟಮಟ ಮಧ್ಯಾಹ್ನ ಒಬ್ಬ ಹುಡುಗಿಯನ್ನು ಎತ್ತಿಕೊಂಡು ಬಂದರು. ಬಾಗಲಕೋಟೆ ಕಡೆಯಿಂದ ಶ್ರೀಶೈಲಕ್ಕೆ ನಡೆದು ಹೊರಟಿದ್ದ ತಂಡದಾಕೆ. ವಯಸ್ಸು ಇಪ್ಪತ್ತೈದರ ಆಚೀಚೆ. ಕಣ್ಣು ಗುಳಿಬಿದ್ದಿದ್ದವು, ನಾಲಿಗೆ ಕಟ್ಟಿಗೆಯ ಹಾಗೆ ಒಣಗಿತ್ತು, ಮೈ ಸುಡುತ್ತಿತ್ತು. ಹೆಗಲಿನ ಚೀಲ ಇಳಿಸಿದಾಗ ಅದರೊಳಗೆ ಎರಡು ಲೀಟರಿನ ನೀರಿನ ಬಾಟಲಿ ಸಿಕ್ಕಿತು. ತುಂಬಿಯೇ ಇತ್ತು. ಮುಂಜಾನೆ ಕುತ್ತಿಗೆಮಟ್ಟ ತುಂಬಿಸಿದ ನೀರು ಒಂದು ಗುಟುಕೂ ಇಳಿದಿರಲಿಲ್ಲ.

ನೀರು ಹೊತ್ತುಕೊಂಡೇ ನೀರಿಲ್ಲದೆ ಆಕೆ ಯಾಕೆ ಬಿದ್ದಳು ಎಂಬುದನ್ನು ಆಮೇಲೆ ಹೇಳುತ್ತೇನೆ. ಅದಕ್ಕೂ ಮೊದಲು ಬುತ್ತಿಯ ಮಾತು ಆಗಬೇಕು.

ತಾಲ್ಲೂಕು ಊರೊಂದರಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ವೈದ್ಯೆಯಾಗಿ ಕೆಲಸ ಮಾಡಿದವಳು ನಾನು. ಜಾತ್ರೆಯ ದಿನಗಳು, ಮದುವೆಯ ದಿನಗಳು, ಮಕ್ಕಳಿಗೆ ಸೂಟಿ ಸಿಕ್ಕ ದಿನಗಳು ಮುಗಿದ ಮರುವಾರ ನಮ್ಮ ದವಾಖಾನೆಯ ಬಾಗಿಲಲ್ಲಿ ಪಾಳಿ ಉದ್ದವಾಗುತ್ತಿತ್ತು. ವಾಂತಿ, ಭೇದಿ, ಉರಿಮೂತ್ರ, ತಲೆಸುತ್ತು. ಎಲ್ಲರೂ ಹೇಳುತ್ತಿದ್ದುದು ಒಂದೇ ಮಾತು, ‘ಪರಸ್ಥಳದ ನೀರು ಒಗ್ಗಲಿಲ್ಲರಿ.’ ವರ್ಷಗಟ್ಟಲೆ ಅವರ ಊಟದ ಕಥೆ ಕೇಳಿ ಕೇಳಿ ನನಗೆ ಮನವರಿಕೆಯಾದದ್ದು ಇಷ್ಟು: ಪ್ರಯಾಣದಲ್ಲಿ ಕಾಯಿಲೆ ಬಿದ್ದವರಲ್ಲಿ ಹೆಚ್ಚಿನವರ ಬುತ್ತಿಯಲ್ಲಿ ನೀರು ಹೆಚ್ಚಾಗಿತ್ತು, ಇಲ್ಲವೆ ಮೈಯಲ್ಲಿ ನೀರು ಕಡಿಮೆಯಾಗಿತ್ತು. ನಮ್ಮ ಅವ್ವಂದಿರು ಇದರ ಮೊದಲ ಅರ್ಧವನ್ನು ಚೆನ್ನಾಗಿ ಅರಿತಿದ್ದರು. ಎರಡನೆಯ ಅರ್ಧದಲ್ಲಿ ಮಾತ್ರ ಅವರ ಕೈ ಕಟ್ಟಿಹಾಕಲಾಗಿತ್ತು.

ನಾನು ಸಣ್ಣವಳಿದ್ದಾಗ ಭಾರತ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಹೂಡುತ್ತಿದ್ದರು. ಹೊರಡುವುದಕ್ಕೆ ನಾಲ್ಕು ದಿನ ಮೊದಲೇ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಶುರುವಾಗುತ್ತಿತ್ತು. ಜೋಳದ ರೊಟ್ಟಿಯನ್ನು ಹಂಚಿನ ಮೇಲೆ ಬೇಯಿಸಿ, ಒಲೆಯ ಬದಿಗೆ ಕೆಂಡದ ಕಾವು ತಾಗುವಂತೆ ಒರಗಿಸಿ ನಿಲ್ಲಿಸುತ್ತಿದ್ದರು. ಅದರೊಳಗಿನ ಹಸಿಯೆಲ್ಲ ಆರಿ ಮುಟ್ಟಿದರೆ ಟಣ್ ಎನ್ನುವಷ್ಟು ಖಡಕ್ ಆದ ಮೇಲೆ ಬಿಳಿ ಅರಿವೆಯಲ್ಲಿ ಕಟ್ಟುತ್ತಿದ್ದರು. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ ಬೇರೆ ಕಟ್ಟು. ಜೊತೆಗೆ ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ, ಅಗಸಿ ಹಿಂಡಿ. ಕೆಂಪು ಮೆಣಸಿನಕಾಯಿ ರುಬ್ಬಿ ಉಪ್ಪು, ಹುಳಿ ಬೆರೆಸಿದ ರಂಜಕದ ಒಂದು ಸಣ್ಣ ಭರಣಿ. ಬೆಲ್ಲ ಹಾಕಿದ ಮಾದಲಿ. ಶೇಂಗಾ ಹೋಳಿಗೆ. ಎಳ್ಳಿನ ಉಂಡಿ. ಹೆಚ್ಚದ ಉಳ್ಳಾಗಡ್ಡಿ, ಹೆಚ್ಚದ ಸವತೆಕಾಯಿ.

ಬುತ್ತಿ ಕಟ್ಟುವುದಕ್ಕಿದ್ದ ಹಾಗೆ ಬಿಚ್ಚುವುದಕ್ಕೂ ಒಂದು ಕ್ರಮ ಇತ್ತು. ಇದನ್ನು ನಾನು ಎಷ್ಟೋ ವರ್ಷ ಗಮನಿಸಿರಲೇ ಇಲ್ಲ, ವೈದ್ಯಕೀಯ ಓದಿದ ಮೇಲೆ ನೆನಪಿಸಿಕೊಂಡು ಬೆರಗಾದೆ. ಮೊದಲ ಊಟ, ಅದೂ ಹೊರಟ ದಿನ ಮಧ್ಯಾಹ್ನದ ಒಳಗೆ, ಮೆತ್ತನೆಯ ಚಪಾತಿ ಮತ್ತು ಕಾಳಿನ ಪಲ್ಯ. ಆ ಗಂಟಿನಲ್ಲಿ ಉಳಿದದ್ದನ್ನು ಸಂಜೆಗೆ ಇಡದೆ ಎತ್ತಿಗೆ ಹಾಕುತ್ತಿದ್ದರು. ಎರಡನೆಯದು ಹುಣಸೆಹಣ್ಣಿನ ಗೊಜ್ಜು ಕಲಸಿದ ಅನ್ನ, ಬುತ್ತಿಯ ಮೊಸರನ್ನ. ಮೂರನೆಯ ದಿನದಿಂದ ಮುಂದೆ ಬರೀ ಒಣ ಗಂಟು: ಖಡಕ್ ರೊಟ್ಟಿ, ಹಿಂಡಿ, ಉಂಡಿ. ಹಸಿ ಮೊದಲು, ಹುಳಿ ಆಮೇಲೆ, ಒಣದು ಕೊನೆಗೆ. ಮಕ್ಕಳು ಹೋಳಿಗೆಗೆ ಎಷ್ಟೇ ಅತ್ತರೂ ಅಜ್ಜಿ ಆ ಸರತಿ ತಪ್ಪಿಸುತ್ತಿರಲಿಲ್ಲ.

ಆ ಸರತಿಯ ಹಿಂದಿನ ಕಾರಣ ಇದು: ಸೂಕ್ಷ್ಮಜೀವಿಗಳಿಗೆ ನಮ್ಮ ಹಾಗೇ ನೀರು ಬೇಕು. ಆಹಾರದಲ್ಲಿ ಅವಕ್ಕೆ ಸಿಗುವಂಥ ಬಿಡಿ ನೀರು ಇಲ್ಲದೆ ಹೋದರೆ ಅವು ಬೆಳೆಯಲಾರವು. ಖಡಕ್ ರೊಟ್ಟಿಯಲ್ಲಿ, ಹುರಿಹಿಟ್ಟಿನಲ್ಲಿ, ಹುರಿದ ಅವಲಕ್ಕಿಯಲ್ಲಿ ಆ ನೀರು ಕಾವಿಗೇ ಹಾರಿಹೋಗಿರುತ್ತದೆ. ಮಾದಲಿಯಲ್ಲಿ, ಉಂಡಿಯಲ್ಲಿ ಇರುವ ಇಷ್ಟು ಪಸೆಯನ್ನು ಬೆಲ್ಲ ಹಿಡಿದಿಟ್ಟುಕೊಂಡಿರುತ್ತದೆ, ಉಪ್ಪಿನಕಾಯಿಯಲ್ಲಿ ಉಪ್ಪು ಹಿಡಿದಿಟ್ಟುಕೊಂಡಿರುತ್ತದೆ. ಪುಳಿಯೋಗರೆಯಲ್ಲಿ ನೀರಿದ್ದರೂ ಹುಣಸೆಯ ಹುಳಿ ಕಾವಲಿರುತ್ತದೆ. ಮೈಸೂರು ಕಡೆಯವರು ಪುಳಿಯೋಗರೆ ಕಟ್ಟಿಕೊಂಡು ತಿರುಪತಿಗೆ ಹೊರಡುವುದಕ್ಕೂ ನಾವು ಹಿಂಡಿ-ರೊಟ್ಟಿ ಕಟ್ಟಿಕೊಂಡು ಪಂಢರಾಪುರಕ್ಕೆ ಹೊರಡುವುದಕ್ಕೂ ಹಿಂದಿರುವ ಲೆಕ್ಕ ಒಂದೇ. ಮನೆಯಲ್ಲಿ ಮಾಡಿದ್ದು ಒಳ್ಳೆಯದು, ಹೊರಗಿನದು ಕೆಟ್ಟದ್ದು ಎಂದು ನಾವು ಸುಲಭವಾಗಿ ಅಂದುಬಿಡುತ್ತೇವೆ. ಮನೆಯಲ್ಲೇ ಮಾಡಿದ ಕಾಯಿಚಟ್ನಿಯನ್ನು ಮಧ್ಯಾಹ್ನದವರೆಗೆ ಬಿಸಿಲಲ್ಲಿ ಒಯ್ದರೆ ಅದು ಯಾವ ರಸ್ತೆಬದಿಯ ಊಟಕ್ಕಿಂತಲೂ ಹೆಚ್ಚು ಅಪಾಯ.

ಇಲ್ಲಿ ಅನ್ನದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ಈಗಿನ ಬುತ್ತಿಯಲ್ಲಿ ರೊಟ್ಟಿ ಕಡಿಮೆಯಾಗಿ ಪಲಾವು, ಚಿತ್ರಾನ್ನ ಹೆಚ್ಚಾಗಿವೆ. ಒಮ್ಮೆ ಒಂದು ಕುಟುಂಬದವರು ದೇವರಿಗೆ ಹೋಗಲು ಟೆಂಪೋ ಮಾಡಿಕೊಂಡು ಹೊರಟರು. ನಸುಕಿನ ನಾಲ್ಕಕ್ಕೆ ಪಲಾವು ಮಾಡಿ, ಹಬೆಯಾಡುತ್ತಿರುವಾಗಲೇ ದೊಡ್ಡ ಸ್ಟೀಲ್ ಡಬ್ಬಿಗೆ ತುಂಬಿ, ಬಿಸಿ ಹೋಗದಿರಲಿ ಎಂದು ಕಂಬಳಿ ಸುತ್ತಿದರು. ತಿಂದದ್ದು ಮಧ್ಯಾಹ್ನ ಎರಡು ಗಂಟೆಗೆ. ಸಂಜೆಯ ಹೊತ್ತಿಗೆ ಮಕ್ಕಳೂ ಸೇರಿ ಹನ್ನೊಂದು ಜನ ನಮ್ಮ ದವಾಖಾನೆಯ ಹಾಸಿಗೆಗಳಲ್ಲಿ, ಹಾಸಿಗೆ ಸಾಲದೆ ನೆಲದ ಮೇಲೆ ಮಲಗಿದ್ದರು. ಆ ಮನೆಯ ಹಿರಿಯಾಕೆ ‘ನಾನೇ ನನ್ನ ಕೈಯಾರೆ ಮಾಡಿದ್ದೆ, ಡಾಕ್ಟರಬಾಯಾರ’ ಎಂದು ಅತ್ತದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಆಕೆಯ ಕೈ ಹೊಲಸಿರಲಿಲ್ಲ. ಅಕ್ಕಿಯ ಮೇಲೆ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರುತ್ತವೆ. ಕುದಿಯುವ ನೀರಿಗೂ ಅವು ಸಾಯುವುದಿಲ್ಲ. ಬೆಂದ ಅನ್ನ ಗಂಟೆಗಟ್ಟಲೆ ಉಗುರುಬೆಚ್ಚಗೆ ಉಳಿಯಿತೆಂದರೆ ಅವು ಮೊಳೆತು, ಬೆಳೆದು, ಒಂದು ವಿಷವನ್ನು ಬಿಡುತ್ತವೆ. ಒಮ್ಮೆ ಆ ವಿಷ ಅನ್ನಕ್ಕೆ ಸೇರಿದ ಮೇಲೆ ನೀವು ಮತ್ತೆ ಬಿಸಿಮಾಡಿದರೂ ಅದು ಹೋಗದು. ಸುಮಾರು 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗಿನ ಉಷ್ಣತೆ ಇಂಥ ಜೀವಿಗಳಿಗೆ ಹೇಳಿ ಮಾಡಿಸಿದ ಜಾಗ. ಕಂಬಳಿ ಸುತ್ತಿದ ಡಬ್ಬಿಯಲ್ಲಿ ಪಲಾವು ಆ ಜಾಗದಲ್ಲೇ ಏಳೆಂಟು ತಾಸು ಕೂತಿತ್ತು. ಡಬ್ಬಿಯ ಮುಚ್ಚಳದಲ್ಲಿ ಕಟ್ಟಿದ ಹಬೆ ಹನಿಹನಿಯಾಗಿ ಮತ್ತೆ ಅನ್ನಕ್ಕೇ ಇಳಿದಿತ್ತು. ಹಳಬರು ಅನ್ನ ಕಟ್ಟುವುದಕ್ಕೆ ಮೊದಲು ಅಗಲವಾದ ಪರಾತದಲ್ಲಿ ಹರವಿ, ಬೀಸಣಿಗೆಯಿಂದ ಬೀಸಿ ಪೂರ್ತಿ ಆರಿಸುತ್ತಿದ್ದರು. ಆಮೇಲೆ ಬೆಂಕಿಯ ಮೇಲೆ ಬಾಡಿಸಿದ ಬಾಳೆಯೆಲೆಯಲ್ಲೋ ಮುತ್ತುಗದ ಎಲೆಯಲ್ಲೋ ಕಟ್ಟುತ್ತಿದ್ದರು. ಎಲೆ ಉಸಿರಾಡುತ್ತದೆ, ಸ್ಟೀಲ್ ಡಬ್ಬಿ ಉಸಿರಾಡುವುದಿಲ್ಲ. ಅನ್ನ ಒಯ್ಯಲೇಬೇಕು ಎಂದಿದ್ದರೆ ಹುಳಿ ಹಾಕಿ, ಆರಿಸಿ ಕಟ್ಟಿ, ನಾಲ್ಕು ತಾಸಿನೊಳಗೆ ತಿಂದು ಮುಗಿಸಿ.

ಬುತ್ತಿಯ ಮೊಸರನ್ನದಲ್ಲಿ ಇನ್ನೊಂದು ಜಾಣತನ ಇದೆ. ಅನ್ನವನ್ನು ಮೆತ್ತಗೆ ಮಾಡಿ, ಆರಿಸಿ, ಕಾಯಿಸಿ ಆರಿದ ಹಾಲು ಧಾರಾಳವಾಗಿ ಸುರಿದು, ಮೊಸರು ಬರೀ ಒಂದೆರಡು ಚಮಚ ಹೆಪ್ಪಿನಷ್ಟು ಹಾಕಿ ಕಲಸುತ್ತಾರೆ. ಬುತ್ತಿ ದಾರಿಯಲ್ಲಿರುವಾಗಲೇ ಹಾಲು ಮೊಸರಾಗುತ್ತ ಹೋಗುತ್ತದೆ. ಕೆಟ್ಟ ಜೀವಿಗಳು ಬಂದು ಕೂರುವ ಮೊದಲೇ ಒಳ್ಳೆಯವು ಮನೆ ತುಂಬಿಕೊಂಡು ಹುಳಿಯ ಬೇಲಿ ಹಾಕಿಬಿಡುತ್ತವೆ. ಮುಂಜಾನೆ ಸಪ್ಪಗಿದ್ದದ್ದು ಮಧ್ಯಾಹ್ನಕ್ಕೆ ಹದವಾದ ಹುಳಿಗೆ ಬಂದಿರುತ್ತದೆ. ಇದಕ್ಕಿಂತ ಚೆನ್ನಾದ ಪ್ರಯಾಣದ ಅನ್ನವನ್ನು ನಾನು ಕಂಡಿಲ್ಲ.

ಕೆಡದೆ ಉಳಿಯುವ ಊಟ ಮೈಗೂ ಒಳ್ಳೆಯದಾಗಿರಬೇಕಲ್ಲ. ಜೋಳ, ಶೇಂಗಾ, ಅಗಸಿ, ಗುರೆಳ್ಳು ಇವು ಒಂದೇ ತಟ್ಟೆಯಲ್ಲಿ ಸೇರಿದಾಗ ಅದು ಬಡವರ ಊಟವೆಂದು ನಾವು ನಾಚಿಕೊಳ್ಳುವ ಕಾಲವೊಂದಿತ್ತು. ನೂರು ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನು ಇದೆ. ಜೋಳದ ನಾರು ಹೊಟ್ಟೆಯನ್ನು ನಿಧಾನಕ್ಕೆ ಖಾಲಿ ಮಾಡುತ್ತದೆ, ಹಸಿವು ಬೇಗ ಕಾಡದು. ಪ್ರಯಾಣದಲ್ಲಿ ಹೊಟ್ಟೆ ಕಟ್ಟಿಕೊಳ್ಳುವ ಕಷ್ಟ ಹೇಳಿಕೊಳ್ಳಲು ಎಲ್ಲರೂ ಸಂಕೋಚ ಪಡುತ್ತಾರೆ. ಮೂರು ದಿನ ಮೈದಾಹಿಟ್ಟಿನ ಬಿಸ್ಕತ್ತು, ಬನ್ನು, ಚಿಪ್ಸು ತಿಂದು ಕೂತೇ ಹೋದವರಿಗೆ ಅದು ಬರುತ್ತದೆ. ರೊಟ್ಟಿಯ ಜೊತೆ ಒಂದು ಇಡೀ ಸವತೆಕಾಯಿ ತೊಳೆದು ತಿಂದವರಿಗೆ ಬಹಳಮಟ್ಟಿಗೆ ಬರುವುದಿಲ್ಲ. ಒಂದು ಎಚ್ಚರ: ಮುಗ್ಗಿದ ವಾಸನೆಯ, ಕಪ್ಪಾದ ಶೇಂಗಾವನ್ನು ‘ಹುರಿದರೆ ಸರಿಹೋಗುತ್ತದೆ’ ಎಂದು ಹಿಂಡಿಗೆ ಹಾಕಬೇಡಿ. ಅದರ ಬೂಸ್ಟಿನ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ, ಯಕೃತ್ತಿಗೆ ಕೆಟ್ಟದ್ದು.

ನಮ್ಮ ಕಡೆಯ ರೊಟ್ಟಿಯ ಗಂಟು ಈಗ ಪುಣೆ, ಮುಂಬಯಿಯಲ್ಲಿ ದುಡಿಯುವ ಮಕ್ಕಳಿಗೆ ರಾತ್ರಿ ಬಸ್ಸಿನಲ್ಲಿ ಹೋಗುತ್ತದೆ, ಹೊರದೇಶಕ್ಕೆ ಓದಲು ಹೋದವರ ಪೆಟ್ಟಿಗೆಯಲ್ಲೂ ಹೋಗುತ್ತದೆ. ಬುತ್ತಿ ಕಟ್ಟಿಕೊಡುವ ಅವ್ವ ಇಲ್ಲದವರಿಗೂ ದಾರಿ ಇದೆ. ಬಾದಾಮಿಯ ಬನಶಂಕರಿ ಗುಡಿಯ ಮುಂದೆ ಬುಟ್ಟಿ ಇಳಿಸಿಕೊಂಡು ಕೂತ ತಾಯಂದಿರನ್ನು ನೀವು ನೋಡಿರುತ್ತೀರಿ. ರೊಟ್ಟಿ, ಕಾಳಿನ ಪಲ್ಯ, ಹಿಂಡಿ, ಕೆಂಪು ಖಾರ, ಮಣ್ಣಿನ ಕುಡಿಕೆಯಲ್ಲಿ ಗಟ್ಟಿ ಮೊಸರು. ನಾನು ಆ ಕಡೆ ಹೋದಾಗಲೆಲ್ಲ ಅವರ ಮುಂದೆ ನೆಲಕ್ಕೆ ಕೂತು ಉಣ್ಣುತ್ತೇನೆ. ಆ ರೊಟ್ಟಿ ಅವತ್ತಿನ ಮುಂಜಾನೆಯದು, ಆ ಮೊಸರು ಹಿಂದಿನ ರಾತ್ರಿಯದು, ಮಾಡಿದವರು ಎದುರಿಗೇ ಇದ್ದಾರೆ.

ಹೋಟೆಲಿನಲ್ಲಿ ಉಣ್ಣಬೇಕಾಗಿ ಬಂದಾಗ ಹೆದರಿ ಉಪವಾಸ ಇರಬೇಕಿಲ್ಲ. ಕಣ್ಣೆದುರು ಹಬೆಯಾಡುವುದನ್ನು ತಿನ್ನಿ. ಇಡ್ಲಿ ಹಬೆಯಲ್ಲೇ ಬೆಂದದ್ದು, ಅದರ ಹಿಟ್ಟು ಮೊದಲೇ ಹುಳಿ ಬಂದದ್ದು. ಕುದಿಯುವ ಸಾಂಬಾರಿನಲ್ಲಿ ಮುಳುಗಿಸಿಕೊಂಡು ಧೈರ್ಯವಾಗಿ ತಿನ್ನಬಹುದು. ಬಕೆಟ್ಟಿನಲ್ಲಿ ಮುಂಜಾನೆಯಿಂದ ಕೂತ ಕಾಯಿಚಟ್ನಿಯನ್ನು ಬಿಟ್ಟುಬಿಡಿ. ಹೆಚ್ಚಿಟ್ಟ ಹಣ್ಣು, ಹೆಚ್ಚಿಟ್ಟ ಸವತೆಕಾಯಿ, ಐಸು ಹಾಕಿದ ಕಬ್ಬಿನ ಹಾಲು ಬೇಡ. ಆ ಐಸಿನ ನೀರು ಎಲ್ಲಿಯದೆಂದು ಮಾರುವವನಿಗೂ ಗೊತ್ತಿರುವುದಿಲ್ಲ. ಸಿಪ್ಪೆ ಸುಲಿಯುವ ಹಣ್ಣು, ಅಂದರೆ ಬಾಳೆಹಣ್ಣು, ಕಿತ್ತಳೆ, ನೀವೇ ಸುಲಿದುಕೊಂಡರೆ ಅಡ್ಡಿಯಿಲ್ಲ. ಉಣ್ಣುವ ಮೊದಲು ಕೈಯನ್ನು ಸಾಬೂನಿನಿಂದ ತೊಳೆಯಿರಿ. ಸಾಬೂನಿನ ಒಂದು ತುಂಡನ್ನು ಕಾಗದದಲ್ಲಿ ಸುತ್ತಿ ಬುತ್ತಿಯ ಚೀಲದಲ್ಲೇ ಇಟ್ಟುಕೊಂಡರೆ ಆಯಿತು. ಇಷ್ಟು ಸಾಕು, ಹೋಟೆಲಿನ ಮಾತು ಮುಗಿಯಿತು.

ಶ್ರೀಶೈಲದ ದಾರಿಯ ಮಾತು ಬೇರೆ. ಬಾಗಲಕೋಟೆ, ವಿಜಯಪುರ, ಬೆಳಗಾವಿ, ರಾಯಚೂರು ಕಡೆಯಿಂದ ಸಾವಿರಾರು ಜನ ಪ್ರತಿ ವರ್ಷ ಯುಗಾದಿಗೆ ಮಲ್ಲಯ್ಯನ ದರ್ಶನಕ್ಕೆ ನಡೆದು ಹೋಗುತ್ತಾರೆ. ಬಾಗಲಕೋಟೆಯಿಂದ ಹಿಡಿದರೆ ಸುಮಾರು ನಾನೂರು ಕಿಲೋಮೀಟರ್. ದಿನಕ್ಕೆ ಮೂವತ್ತು-ನಲವತ್ತು ಕಿಲೋಮೀಟರ್ ನಡೆಯುವವರಿದ್ದಾರೆ. ಕೊನೆಯ ಹಂತದಲ್ಲಿ ಆತ್ಮಕೂರು ದಾಟಿ ನಾಗಲೂಟಿ, ಭೀಮನ ಕೊಳ್ಳದ ಕಾಡುದಾರಿ. ಶ್ರೀಶೈಲದ ತಾಯಿ ಭ್ರಮರಾಂಬೆ ನಮ್ಮ ಮನೆಯ ಮಗಳು, ಮಲ್ಲಯ್ಯ ನಮ್ಮ ಅಳಿಯ ಎಂಬುದು ನಮ್ಮ ಜನರ ನಂಬಿಕೆ. ಮಗಳಿಗೆಂದು ಸೀರೆ, ಕುಪ್ಪಸ, ಬುತ್ತಿ ಹೊತ್ತುಕೊಂಡೇ ಹೋಗುತ್ತಾರೆ. ದಾರಿಯುದ್ದಕ್ಕೂ ಊರೂರಿನವರು ಚಪ್ಪರ ಹಾಕಿ ರೊಟ್ಟಿ, ಅನ್ನ-ಸಾರು, ಮಜ್ಜಿಗೆ, ಹಣ್ಣು ಕೊಡುತ್ತಾರೆ. ಕಾಲು ಒತ್ತುವವರೂ ಇದ್ದಾರೆ. ಆ ದಾಸೋಹವನ್ನು ಬೇಡ ಅನ್ನಿ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಒಲೆಯಿಂದ ಈಗಷ್ಟೇ ಇಳಿಸಿದ್ದನ್ನು ಮೊದಲು ಉಣ್ಣಿ, ಕಲ್ಲಂಗಡಿಯನ್ನು ಕಣ್ಣೆದುರೇ ಕತ್ತರಿಸಲು ಹೇಳಿ, ಅಷ್ಟೇ ನನ್ನ ಬೇಡಿಕೆ. ನೀಡುವವರಿಗೂ ಒಂದು ಮಾತು: ಮಜ್ಜಿಗೆಗೆ ಹಾಕುವ ನೀರನ್ನು ಕುದಿಸಿ ಆರಿಸಿ, ಆಮೇಲೆ ಉಪ್ಪು ಸ್ವಲ್ಪ ಮುಂದಾಗಿ ಹಾಕಿ. ಬೇಸಿಗೆಯ ಬಿಸಿಲಲ್ಲಿ ಬೆವರಿ ಬಂದವರಿಗೆ ನೀರಿನಷ್ಟೇ ಉಪ್ಪೂ ಬೇಕು. ಬರೀ ನೀರನ್ನೇ ಲೀಟರುಗಟ್ಟಲೆ ಕುಡಿದು, ಉಪ್ಪಿಲ್ಲದೆ ನಡೆದು, ತಲೆಶೂಲೆ, ವಾಂತಿ, ಮಂಕು ಬಡಿದು ಬಂದವರನ್ನೂ ನಾನು ನೋಡಿದ್ದೇನೆ.

ನೀರನ್ನು ಶುದ್ಧ ಮಾಡಿಕೊಳ್ಳಲು ಕುದಿಸುವುದಕ್ಕಿಂತ ದೊಡ್ಡ ಉಪಾಯ ಇಲ್ಲ. ಚೆನ್ನಾಗಿ ಉಕ್ಕಿ ಕುದಿಯತೊಡಗಿದ ಮೇಲೆ ಒಂದು ನಿಮಿಷ ಬಿಟ್ಟರೆ ಸಾಕು, ಎತ್ತರದ ಹಿಮಾಲಯದ ಯಾತ್ರೆಗೆ ಹೋದವರು ಮೂರು ನಿಮಿಷ ಕುದಿಸಬೇಕು. ಒಲೆ ಇಲ್ಲದ ಕಡೆ ಔಷಧಿ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ಗುಳಿಗೆಯನ್ನು ಪೊಟ್ಟಣದ ಮೇಲಿನ ಅಳತೆಯಂತೆ ಹಾಕಿ ಅರ್ಧ ತಾಸು ಕಾಯಬೇಕು. ನೀರು ರಾಡಿಯಾಗಿದ್ದರೆ ಮೊದಲು ನಾಲ್ಕು ಮಡಿಕೆಯ ಅರಿವೆಯಲ್ಲಿ ಸೋಸಿಕೊಳ್ಳಿ, ಇಲ್ಲವಾದರೆ ಕ್ಲೋರಿನ್ನಿನ ಶಕ್ತಿಯೆಲ್ಲ ಆ ಮಣ್ಣಿಗೇ ಖರ್ಚಾಗಿಬಿಡುತ್ತದೆ. ತಾಮ್ರದ ತಂಬಿಗೆ ಹಿಡಿದು ಹೊರಡುತ್ತಿದ್ದ ಅಜ್ಜಂದಿರೂ ಪೂರ್ತಿ ತಪ್ಪಿರಲಿಲ್ಲ. ತಾಮ್ರದ ಕೊಡದಲ್ಲಿ 16 ತಾಸು ಇಟ್ಟ ನೀರಿನಲ್ಲಿ ಭೇದಿಯ ಬ್ಯಾಕ್ಟೀರಿಯಾಗಳು ಸಾಯುತ್ತವೆ ಎಂದು ಬೆಂಗಳೂರು, ಕೊಲ್ಕತ್ತದ ಸಂಶೋಧಕರು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ್ದಾರೆ. ನೆನಪಿರಲಿ, 16 ತಾಸು. ಈಗ ತುಂಬಿ ಈಗಲೇ ಕುಡಿದರೆ ಏನೂ ಪ್ರಯೋಜನವಾಗದು. ಅದರಲ್ಲಿ ಮಜ್ಜಿಗೆ, ನಿಂಬೆ ಶರಬತ್ತು ತುಂಬಲೇಬೇಡಿ, ಹುಳಿಗೆ ತಾಮ್ರ ಬಿಟ್ಟುಕೊಳ್ಳುತ್ತದೆ.

ಇಷ್ಟು ಮಾಡಿಯೂ ಭೇದಿ ಹತ್ತಿದರೆ? ಆಗ ನೆನೆಯಬೇಕಾದ ಹೆಸರು ದಿಲೀಪ್ ಮಹಲನಾಬಿಸ್ ಅವರದು. 1971ರಲ್ಲಿ ಬಾಂಗ್ಲಾದೇಶದ ಯುದ್ಧದ ಹೊತ್ತಿಗೆ ಪಶ್ಚಿಮ ಬಂಗಾಳದ ಗಡಿಯ ಬನಗಾಂವ್‌ಗೆ ನಿರಾಶ್ರಿತರು ಲಕ್ಷಗಟ್ಟಲೆ ನಡೆದು ಬಂದರು. ಕಾಲರಾ ಹಬ್ಬಿತು. ಆಸ್ಪತ್ರೆಯ ನೆಲದ ಮೇಲೆಲ್ಲ ರೋಗಿಗಳು, ರಕ್ತನಾಳಕ್ಕೆ ಏರಿಸುವ ಸಲೈನ್ ಮುಗಿಯುತ್ತ ಬಂದಿತ್ತು. ಈ ವೈದ್ಯರು ಉಪ್ಪು, ಗ್ಲುಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನು ಪೀಪಾಯಿಗಳಲ್ಲಿ ತುಂಬಿಸಿ, ರೋಗಿಗಳ ಮನೆಮಂದಿಯ ಕೈಗೇ ಲೋಟ ಕೊಟ್ಟು ಕುಡಿಸಲು ಹೇಳಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಕರುಳಿನ ಗೋಡೆಯಲ್ಲಿ ಸಕ್ಕರೆ ಒಳಗೆ ಹೋಗುವಾಗ ಉಪ್ಪನ್ನು ಕೈಹಿಡಿದು ಕರೆದೊಯ್ಯುತ್ತದೆ, ಉಪ್ಪಿನ ಬೆನ್ನಿಗೆ ನೀರು ಹೋಗುತ್ತದೆ. ಭೇದಿಯಲ್ಲೂ ಆ ಬಾಗಿಲು ಮುಚ್ಚುವುದಿಲ್ಲ. ಮಹಲನಾಬಿಸ್ 2022ರಲ್ಲಿ ತೀರಿಕೊಂಡರು. ಮರುವರ್ಷ ಪದ್ಮವಿಭೂಷಣ ಬಂತು. ಅವರು ಬದುಕಿದ್ದಾಗಲೇ ಬರಬೇಕಿತ್ತು ಎಂದು ನನಗೆ ಇಂದಿಗೂ ನೋವಿದೆ.

ಅಂಥ ಮಿಶ್ರಣದ ಪುಡಿಯ, ಅಂದರೆ ಓಆರ್‌ಎಸ್‌ನ, ಎರಡು ಪೊಟ್ಟಣ ನಿಮ್ಮ ಚೀಲದಲ್ಲಿರಲಿ. ದೊಡ್ಡ ಪೊಟ್ಟಣದಲ್ಲಿ 20.5 ಗ್ರಾಂ ಪುಡಿ ಇರುತ್ತದೆ, ಅದಕ್ಕೆ ಪೂರ್ತಿ ಒಂದು ಲೀಟರ್ ನೀರು ಬೇಕು. ಅರ್ಧ ಪೊಟ್ಟಣವನ್ನು ಅಂದಾಜಿಗೆ ಒಂದು ಲೋಟಕ್ಕೆ ಸುರಿಯುವುದು ಅಪಾಯ, ಉಪ್ಪು ಹೆಚ್ಚಾದರೆ ಮಕ್ಕಳಿಗೆ ಫಿಟ್ಸ್ ಬರಬಹುದು. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಸಣ್ಣ ಚಮಚದಿಂದ ಆರು ಸಮಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಗುಟುಕು ಗುಟುಕಾಗಿ ಕುಡಿಸಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಚಮಚದಿಂದ ಶುರು ಮಾಡಿ. ಅಂಗಡಿಯಲ್ಲಿ ಓಆರ್‌ಎಸ್ ಎಂಬ ಅಕ್ಷರ ಹೊತ್ತು ಸಕ್ಕರೆ ಹೆಚ್ಚಾದ ಪಾನಕಗಳು ಬಹಳ ದಿನ ಮಾರಾಟವಾದವು. ಹೈದರಾಬಾದಿನ ಮಕ್ಕಳ ವೈದ್ಯೆಯೊಬ್ಬರು ವರ್ಷಗಟ್ಟಲೆ ಹೋರಾಡಿದ ಮೇಲೆ 2025ರ ಅಕ್ಟೋಬರಿನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಆ ಹೆಸರು ಬಳಸದಂತೆ ಆದೇಶಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಮಾಡಿದ್ದು ಎಂದು ಬರೆದಿದೆಯೇ ಎಂದು ಓದಿ ಕೊಳ್ಳಿ. ಭೇದಿಯಲ್ಲಿ ರಕ್ತ ಕಂಡರೆ, ಜ್ವರ ಏರಿದರೆ, ಆರು ತಾಸಾದರೂ ಮೂತ್ರ ಬರದಿದ್ದರೆ, ಮಗು ಮಂಕಾಗಿ ಕಣ್ಣು ಮೇಲೆತ್ತದಿದ್ದರೆ ಅಲ್ಲಿಗೆ ಪ್ರಯಾಣ ನಿಲ್ಲಿಸಿ. ದೇವರು ಮುಂದಿನ ವರ್ಷವೂ ಅಲ್ಲೇ ಇರುತ್ತಾನೆ.

ಸಕ್ಕರೆ ಕಾಯಿಲೆಯವರಿಗೆ, ರಕ್ತದೊತ್ತಡದವರಿಗೆ ನಾನು ಕೈಮುಗಿದು ಹೇಳುವ ಮಾತೊಂದಿದೆ. ಮನೆಯಲ್ಲಿ ಕುರ್ಚಿಯಲ್ಲಿ ಕೂತಿರುವಾಗ ಹೊಂದಿಸಿದ ಔಷಧಿಯನ್ನು, ದಿನಕ್ಕೆ ಮೂವತ್ತು ಕಿಲೋಮೀಟರ್ ನಡೆಯುವಾಗ ಅದೇ ಅಳತೆಯಲ್ಲಿ ತೆಗೆದುಕೊಂಡರೆ ಸಕ್ಕರೆ ಪಾತಾಳಕ್ಕಿಳಿಯಬಹುದು. ಅದರ ಮೇಲೆ ಸೋಮವಾರದ ಉಪವಾಸವೂ ಸೇರಿದರೆ ಕೇಳಲೇಬೇಡಿ. ಕೈ ನಡುಗಿ, ತಣ್ಣನೆಯ ಬೆವರು ಬಂದು, ಮಾತು ತೊದಲಿದರೆ ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿಗೆ ಕದಡಿ ಕುಡಿಯಿರಿ, ಕಾಲು ತಾಸು ಬಿಟ್ಟು ಒಂದು ರೊಟ್ಟಿ ತಿನ್ನಿ. ಬಿಪಿಗೆಂದು ಕೊಡುವ ಕೆಲವು ಗುಳಿಗೆಗಳು ಮೈಯ ನೀರನ್ನು ಹೊರಹಾಕುವಂಥವು, ಅವು ಬಿಸಿಲಿನ ಜೊತೆ ಸೇರಿದರೆ ಮನುಷ್ಯ ನಿಂತಲ್ಲೇ ಕುಸಿಯುತ್ತಾನೆ. ಔಷಧಿ ನೀವಾಗಿ ಬಿಡುವುದೂ ತಪ್ಪು. ಹೊರಡುವುದಕ್ಕೆ ಒಂದು ವಾರ ಮೊದಲು ನಿಮ್ಮ ವೈದ್ಯರ ಹತ್ತಿರ ಹೋಗಿ, ‘ನಾನು ಇಷ್ಟು ದೂರ ನಡೆಯುತ್ತೇನೆ, ಅಳತೆ ಬದಲಿಸಬೇಕೇ?’ ಎಂದು ಕೇಳಿ. ಇನ್ಸುಲಿನ್ ಸೀಸೆಯನ್ನು ಬಿಸಿಲಿಗೆ ನಿಂತ ಗಾಡಿಯಲ್ಲಿ ಬಿಡಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒದ್ದೆ ಅರಿವೆಯ ಮಡಿಕೆಯಲ್ಲಿಟ್ಟು ನೆರಳಲ್ಲಿ ಒಯ್ಯಿರಿ.

ಇನ್ನು ಆ ಹುಡುಗಿ. ಸಲೈನ್ ಏರಿಸಿ, ಜ್ವರ ಇಳಿದು, ಸಂಜೆ ಆಕೆ ಎದ್ದು ಕೂತ ಮೇಲೆ ಬಾಟಲಿ ತೋರಿಸಿ ಕೇಳಿದೆ. ಆಕೆ ಸುತ್ತ ನೋಡಿ, ದನಿ ತಗ್ಗಿಸಿ ಹೇಳಿದಳು: ‘ಕುಡದ್ರ ಎಲ್ಲಿ ಹೋಗ್ಲಿರಿ, ಬಾಯಾರ? ಮುಂದೂ ಗಂಡಸರು, ಹಿಂದೂ ಗಂಡಸರು.’ ನಸುಕಿನ ಕತ್ತಲಲ್ಲಿ ಒಮ್ಮೆ, ರಾತ್ರಿಯ ಕತ್ತಲಲ್ಲಿ ಒಮ್ಮೆ. ನಡುವೆ ಹನ್ನೆರಡು ತಾಸು, ನಲವತ್ತು ಡಿಗ್ರಿಯ ಬಿಸಿಲು, ಹನಿ ನೀರಿಲ್ಲ. ಐದು ದಿನದಿಂದ ಹಾಗೇ ನಡೆದಿದ್ದಳು. ಮೂತ್ರಕೋಶದಲ್ಲಿ ಹತ್ತಿದ ಸೋಂಕು ಮೂತ್ರಪಿಂಡಕ್ಕೇರಿ ಜ್ವರ ಬಂದಿತ್ತು.

ಕೇಳುಗರೆ, ನಾನು ಇಷ್ಟು ಹೊತ್ತು ಹೇಳಿದ್ದರಲ್ಲಿ ಅತಿ ಮುಖ್ಯವಾದದ್ದು ಇದು. 2023ರ ಜೂನ್ 11ರಿಂದ ನಮ್ಮ ರಾಜ್ಯದಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಹಣವಿಲ್ಲ. ಅಲ್ಲಿಯವರೆಗೆ ತವರು, ಸಂತೆ ಬಿಟ್ಟು ಬೇರೆ ಊರು ಕಾಣದಿದ್ದವರು ಧರ್ಮಸ್ಥಳ, ಸವದತ್ತಿ, ಮಲೆ ಮಹದೇಶ್ವರ ಬೆಟ್ಟ ನೋಡಿ ಬಂದರು. ಅವರ ಕಣ್ಣಿನ ಸಂತೋಷವನ್ನು ನಾನು ದವಾಖಾನೆಯಲ್ಲಿ ಕೂತೇ ಕಂಡಿದ್ದೇನೆ. ಅವರ ಉರಿಮೂತ್ರವನ್ನೂ ಕಂಡಿದ್ದೇನೆ. ಬಸ್ಸು ಎಲ್ಲಿ ನಿಲ್ಲುತ್ತದೋ, ನಿಂತಲ್ಲಿ ಶೌಚಾಲಯ ಇದೆಯೋ ಇಲ್ಲವೋ, ಇದ್ದರೆ ಒಳಗೆ ಕಾಲಿಡುವಂತಿದೆಯೋ ಎಂಬ ಅಂಜಿಕೆಗೆ ಹಿಂದಿನ ರಾತ್ರಿಯಿಂದಲೇ ನೀರು ಬಿಡುತ್ತಾರೆ. ಬಸುರಿಯರೂ ಬಿಡುತ್ತಾರೆ, ಎಪ್ಪತ್ತರ ಅಜ್ಜಿಯರೂ ಬಿಡುತ್ತಾರೆ. ‘ಹೆಚ್ಚು ನೀರು ಕುಡಿಯಿರಿ’ ಎಂದು ಅವರಿಗೆ ಉಪದೇಶ ಮಾಡುವುದು ಸುಲಭ. ಅವರು ನೀರು ಕುಡಿಯುವಂತೆ ಮಾಡುವ ಕೆಲಸ ಗಾಡಿ ನಿಲ್ಲಿಸುವವರದು, ಜಾಗ ಶುಚಿ ಇಡುವವರದು, ಜೊತೆಗೆ ಹೊರಟ ಗಂಡಸರದು. ಮನೆಮಂದಿಯನ್ನು ಕಾರಿನಲ್ಲಿ ಕರೆದೊಯ್ಯುವ ಅಣ್ಣಂದಿರೆ, ಎರಡು ತಾಸಿಗೊಮ್ಮೆ ಅವರು ಕೇಳುವ ಮೊದಲೇ ನೀವೇ ನಿಲ್ಲಿಸಿ. ಕೇಳಲು ಅವರಿಗೆ ನಾಚಿಕೆ. ಪಾದಯಾತ್ರೆಯ ತಂಡ ಕಟ್ಟುವವರೆ, ಅನ್ನದ ಲಾರಿಯ ಲೆಕ್ಕ ಹಾಕುವಾಗಲೇ ಈ ಲೆಕ್ಕವನ್ನೂ ಹಾಕಿ.

ಆ ಸಂಜೆ ಹುಡುಗಿಯ ಮಾತನ್ನು ಚಪ್ಪರದ ಮೂಲೆಯಲ್ಲಿ ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದ ಒಬ್ಬ ಮುದುಕಿ ಕೇಳಿಸಿಕೊಂಡಳು. ಅದೇ ತಂಡದಾಕೆ, ಅರವತ್ತು ದಾಟಿತ್ತು. ಎದ್ದು ಬಂದು ಹುಡುಗಿಯ ತಲೆ ಮೇಲೆ ಕೈಯಿಟ್ಟು, ಹೊರಗೆ ಕೂತ ಗಂಡಸರಿಗೆ ಕೇಳುವಂತೆ ಗಟ್ಟಿಯಾಗಿ ಹೇಳಿದಳು: ‘ಗುಡ್ಡದ ಮ್ಯಾಲಿನ ಮಗಳಿಗೆ ಸೀರಿ ಹೊತ್ಕೊಂಡು ಹೊಂಟೀವಿ. ಇಕಿ ಯಾರ ಮಗಳು?’ ಯಾರೂ ಮಾತಾಡಲಿಲ್ಲ. ಮುದುಕಿ ತನ್ನ ಗಂಟು ಬಿಚ್ಚಿ ಉಡಲು ತಂದಿದ್ದ ಇಳಕಲ್ ಸೀರೆಯೊಂದನ್ನು ಹೊರಗೆ ತೆಗೆದಳು.

ಮರುದಿನ ನಸುಕಿಗೆ ಹುಡುಗಿಯನ್ನು ಗಾಡಿಯಲ್ಲಿ ಊರಿಗೆ ಕಳಿಸಿದೆವು. ತಂಡ ಮುಂದಕ್ಕೆ ನಡೆಯಿತು. ಒಂಬತ್ತು ಗಂಟೆಯ ಸುಮಾರಿಗೆ ನಾನೂ ಔಷಧಿ ಪೆಟ್ಟಿಗೆ ಹೊತ್ತು ಅದೇ ದಾರಿಯಲ್ಲಿ ಹೋಗುತ್ತಿದ್ದೆ. ದಾರಿಯಿಂದ ಐವತ್ತು ಹೆಜ್ಜೆ ಒಳಗೆ, ಎರಡು ತೇಗದ ಮರಗಳ ನಡುವೆ ಆ ಸೀರೆಯನ್ನು ಅಡ್ಡ ಕಟ್ಟಿದ್ದರು. ಮುದುಕಿ ಒಂದು ತುದಿ ಹಿಡಿದು ನಿಂತಿದ್ದಳು. ಹೆಂಗಸರು ಒಬ್ಬೊಬ್ಬರಾಗಿ ಆಚೆ ಹೋಗಿ ಬರುತ್ತಿದ್ದರು. ಗಂಡಸರು ದಾರಿಯ ಆ ಬದಿಗೆ ಬೆನ್ನು ತಿರುಗಿಸಿ ಕೂತು ಮಲ್ಲಯ್ಯನ ಹಾಡು ಹೇಳುತ್ತಿದ್ದರು. ಮುಂದಿನ ಚಪ್ಪರದ ಹತ್ತಿರ ನೀರಿನ ಟ್ಯಾಂಕರ್ ನಿಂತಿತ್ತು. ಅಲ್ಲಿ ಅವರೆಲ್ಲ ಖಾಲಿ ಬಾಟಲಿ ಹಿಡಿದುಕೊಂಡು ಪಾಳಿ ಹಚ್ಚಿದ್ದರು.